ಸೊಸೆಯ ಇಂಗ್ಲಿಷ್ ಪ್ಯಾರಾ

ನನಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡವನ್ನೇ ಅರ್ಧಕ್ಕೆ ಬಿಟ್ಟವಳು ನಾನು. ಬಸ್ಸಿನ ಬೋರ್ಡು ಓದುತ್ತೇನೆ, ನಿಧಾನಕ್ಕೆ ಇಷ್ಟು ಬರೆಯುತ್ತೇನೆ, ಅಷ್ಟೇ. ಆದರೂ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಹೇಗೆ ಬರೆಯಬೇಕು ಎಂಬುದನ್ನು ಹೋದ ವರ್ಷವಿಡೀ ಕೇಳಿಸಿಕೊಂಡಿದ್ದೇನೆ. ಬೇಕಾಗಿ ಕೇಳಿದ್ದಲ್ಲ. ಸಂಜೆ ಹೊತ್ತಿನಲ್ಲಿ ಕೂತ ಜಾಗದಿಂದ ಏಳಲಾಗದವಳು ನಮ್ಮ ಮನೆಯಲ್ಲಿ ನಾನೊಬ್ಬಳೇ, ಅದಕ್ಕೆ.

ನನ್ನ ಸೊಸೆ ಜಾವಗಲ್ಲಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆಯಾ. ಚಿಕ್ಕ ಮಕ್ಕಳ ಮೂಗು ಒರೆಸುವುದು, ಊಟದ ಡಬ್ಬಿ ಬಿಚ್ಚಿಕೊಡುವುದು, ಒದ್ದೆ ಮಾಡಿಕೊಂಡರೆ ಚಡ್ಡಿ ಬದಲಿಸುವುದು ಅವಳ ಕೆಲಸ. ಮದುವೆಯಾದ ಮೇಲೆ ಮನೆಯಲ್ಲಿ ಕೂತೇ ಓದಿ ಬಿಎ ಮುಗಿಸಿದಳು, ಕನ್ನಡದಲ್ಲಿ. ಶಾಲೆ ನಡೆಸುವ ಮೇಡಂ ಅವಳಿಗೊಂದು ಮಾತು ಹೇಳಿದ್ದರು. ಜೂನ್‌ಗೆ ಒಂದನೇ ಕ್ಲಾಸಿನ ಟೀಚರ್ ಬಿಟ್ಟು ಹೋಗುತ್ತಾರೆ. ನನ್ನ ಎದುರಿಗೆ ಕೂತು, ನಾನು ಕೊಟ್ಟ ವಿಷಯದ ಮೇಲೆ, ಗೈಡು ನೋಡದೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರಿ, ಆಮೇಲೆ ನೋಡೋಣ. ಆ ‘ನೋಡೋಣ’ವನ್ನೇ ಇವಳು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

ಮೇಡಂ ಕೆಟ್ಟವರಲ್ಲ. ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕೂರಿಸಿಕೊಂಡು ತಾವೇ ಹೇಳಿಕೊಡುತ್ತಿದ್ದರು. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳು ಎಂದಿದ್ದರಂತೆ.

“ಗೋಡೆಗೆ ಹೇಳ್ಕಳೇ,” ಅಂದೆ.

“ಗೋಡೆಗೆ ಬೇಜಾರಾಗಲ್ವಲ್ಲ ಅತ್ತೆ. ನಿಮಗಾದ್ರೆ ಮುಖದಾಗೇ ಗೊತ್ತಾಗ್ತೈತೆ.”

ಹಾಗೆ ಶುರುವಾಯಿತು. ಅವಳು ಬಸ್ಸಿಳಿದು ಬಂದು ಕಾಫಿ ಕಾಸಿ ನನ್ನ ಕೈಗೆ ಲೋಟ ಕೊಡುವಳು. ನಾನು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರೆ ಎದುರಿಗೆ ಕೂತು ಇಂಗ್ಲಿಷಿನಲ್ಲಿ ಒಂದು ಸಲ ಓದುವಳು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುವಳು. ಇಂಗ್ಲಿಷಿನ ಹೊತ್ತಿನಲ್ಲಿ ನಾನು ಬೀಜ ನೋಡುತ್ತಿದ್ದೆ.

ಮೊದಲನೆಯದು ನಮ್ಮೂರ ಕೆರೆಯ ಮೇಲೆ. ತಾನು ಹುಟ್ಟಿದ್ದು ಕಣಕಟ್ಟೆಯಲ್ಲಿ ಎಂದು ಶುರು ಮಾಡಿದಳು. ಅಪ್ಪನಿಗೆ ತೆಂಗಿನ ತೋಟ ಇತ್ತು, ಅಣ್ಣಂದಿರು ಒಳ್ಳೆಯವರು, ಮದುವೆಯಲ್ಲಿ ಮಳೆ ಬಂತು, ಈ ಊರಿಗೆ ಬಂದೆ, ಅತ್ತೆ ಜೋರು.

“ಕೆರೆ ಎಲ್ಲೈತೆ ಇದ್ರಾಗೆ?”

“ಬತ್ತೈತೆ ಇರಿ ಅತ್ತೆ.”

ಕೆರೆ ಬರುವ ಹೊತ್ತಿಗೆ ನನಗೆ ತೂಕಡಿಕೆ ಬಂದಿತ್ತು. ಮಾರನೆಯ ದಿನ ಮೇಡಂ ಅಷ್ಟನ್ನೂ ಹೊಡೆದುಹಾಕಿ ಕಳಿಸಿದ್ದರು. ಮೊದಲ ಸಾಲಿನಲ್ಲೇ ವಿಷಯ ಬರಬೇಕು. ಮಿಕ್ಕ ಸಾಲುಗಳೆಲ್ಲ ಆ ವಿಷಯಕ್ಕೇ ದುಡಿಯಬೇಕು. ಬೇರೆ ವಿಷಯಕ್ಕೆ ಬೇರೆ ಪ್ಯಾರಾ.

ಇದು ಅವಳ ಕೈಗೆ ಹತ್ತಲಿಲ್ಲ. ಹತ್ತುವುದು ಹೇಗೆ? ನಮ್ಮ ಕಡೆ ಒಬ್ಬರ ಮನೆಗೆ ಕೆಲಸ ಇಟ್ಟುಕೊಂಡು ಹೋದವರು ಬಂದ ತಕ್ಷಣ ಅದನ್ನು ಹೇಳುವುದಿಲ್ಲ. ನೀರು ಕುಡಿದು, ಮಳೆ ವಿಚಾರಿಸಿ, ಎಮ್ಮೆ ಕರು ಹಾಕಿತೇ ಎಂದು ಕೇಳಿ, ಎದ್ದು ಚಪ್ಪಲಿ ಮೆಟ್ಟುವಾಗ ಹೇಳುತ್ತಾರೆ. ಯಾರಾದರೂ ತೀರಿಕೊಂಡರೂ ‘ಸ್ವಲ್ಪ ಹುಷಾರಿಲ್ಲ, ಬರ್ಬೇಕಂತೆ’ ಎನ್ನುತ್ತಾರೆ. ನನ್ನ ಸೊಸೆಯಂತೂ ಪಕ್ಕದ ಮನೆಯಲ್ಲಿ ಒಂದು ಲೋಟ ಸಕ್ಕರೆ ಕೇಳಬೇಕಾದರೆ ಅವರ ಮಗಳ ಬಾಣಂತನದಿಂದ ಹಿಡಿಯುವವಳು. ನಾನು ಹಾಗಲ್ಲ. ಬೇಕಾದ್ದನ್ನು ಬಾಗಿಲಲ್ಲೇ ಕೇಳುತ್ತೇನೆ. ಅದಕ್ಕೇ ನೆಂಟರು ನನ್ನನ್ನು ಮಾತುಕತೆಗೆ ಕರೆಯುವುದನ್ನು ಬಿಟ್ಟಿದ್ದಾರೆ.

ಹಳೇಬೀಡಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದ ಮೇಲೆ ಗುಡಿಯ ಮೇಲೆ ಬರೆದಳು. ಕಲ್ಲು, ಕುದುರೆ, ಆನೆ, ಸಾಲು ಸಾಲು. ನಡುವೆ ಒಂದು ಕಡೆ, ಬಸ್ತಿಹಳ್ಳಿಯ ಬಸದಿ ಮುಂದೆ ಒಂದು ಮಗುವಿನ ಚಪ್ಪಲಿ ಕಳೆದು, ತಾನು ಆ ಮಗುವನ್ನು ಬಸ್ಸಿನವರೆಗೂ ಎತ್ತಿಕೊಂಡು ಬಂದದ್ದು, ಬಿಸಿ ಕಲ್ಲಿಗೆ ಮಗು ಕಾಲು ಮಡಚಿಕೊಂಡದ್ದು ಬರೆದಿದ್ದಳು. ಮೇಡಂ ಅದನ್ನೂ ತೆಗೆಸಿದರು. ಪ್ಯಾರಾ ಕಲ್ಲಿನ ಕೆತ್ತನೆಯದಂತೆ, ಚಪ್ಪಲಿಗೆ ಅಲ್ಲಿ ಜಾಗ ಇಲ್ಲವಂತೆ. ಇಡೀ ಬರಹದಲ್ಲಿ ನನ್ನ ಕಣ್ಣಿಗೆ ಕಂಡಿದ್ದು ಅದೊಂದೇ. ಹೇಳಿದೆ.

“ಹೌದತ್ತೆ. ಆದ್ರೆ ತೆಗೀಲೇಬೇಕು,” ಅಂದಳು.

ಆಮೇಲೆ ಪ್ಯಾರಾ ಬಿಟ್ಟು ಪ್ರಬಂಧಕ್ಕೆ ಬಂದರು. ಮೊದಲ ಪ್ಯಾರಾದಲ್ಲಿ ಏನು ಹೇಳುತ್ತೇನೆ ಎಂದು ಹೇಳಬೇಕು, ನಡುವೆ ಹೇಳಬೇಕು, ಕೊನೆಗೆ ಹೇಳಿದ್ದನ್ನು ಮತ್ತೆ ಮುಟ್ಟಬೇಕು.

“ಅವರಿಗೇನು ಕಿವಿ ಮಂದವೇನೇ?” ಅಂದೆ. ತೆಂಗಿನಕಾಯಿ ಸಾಗಿಸುವ ಆಟೋ ತೊಳೆಯುತ್ತಿದ್ದ ಮಗ ನಕ್ಕ. “ಏನವ್ವ, ನೀನೀಗ ಎಷ್ಟನೇ ಕ್ಲಾಸು?”

“ನಿನ್ ಹೆಂಡ್ತಿ ಪಾಸಾದ್ರೆ ನಾನೂ ಪಾಸು ಕಣೋ. ನೀನು ಫೇಲು.”

ನಗು ಅಷ್ಟಕ್ಕೇ. ಚಳಿಗಾಲಕ್ಕೆ ನನ್ನ ಸೊಂಟ ಹಿಡಿದುಕೊಂಡಿತು. ಅವಳಿಗೂ ಕಣ್ಣ ಕೆಳಗೆ ಕಪ್ಪು. ಬೆಳಿಗ್ಗೆ ಮುದ್ದೆ ಬೇಯಿಸಿ, ಬಸ್ಸು ಹಿಡಿದು, ಬಂದು ಪಾತ್ರೆ ತಿಕ್ಕಿ, ಮತ್ತೆ ಈ ಓದು. ಸಾಕು ಬಿಡೇ ಎಂದು ಎಷ್ಟೋ ಸಲ ಅಂದೆ. ಬಿಡಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ. ಅದೇ ಶಾಲೆಯಲ್ಲಿ ಬಟ್ಟೆ ಹಿಡಿದು ಬಗ್ಗುವುದು ಬಿಟ್ಟು ಬೋರ್ಡಿನ ಮುಂದೆ ನಿಲ್ಲುವುದು.

ಬೇಸಿಗೆ ರಜೆಯಲ್ಲಿ ಮೇಡಂ ಕರೆಸಿ ಬರೆಸಿದರು. ನಿಮ್ಮ ಮನೆಯ ಒಂದು ದಿನ ಎಂಬ ವಿಷಯ. ಬಂದವಳೇ ಕನ್ನಡದಲ್ಲಿ ಹೇಳಿದಳು. ಮೊದಲ ಸಾಲು: ನಮ್ಮ ಮನೆಯ ದಿನ ಎಲ್ಲರಿಗಿಂತ ಮೊದಲು ಏಳುವವರಿಂದ ನಡೆಯುತ್ತದೆ. ಮುಂದಿನದೆಲ್ಲ ಆ ಸಾಲಿನ ಹಿಂದೆಯೇ ಬಂತು, ಎಲ್ಲೂ ದಾರಿ ತಪ್ಪಲಿಲ್ಲ. ನನಗೆ ತೂಕಡಿಕೆ ಬರಲಿಲ್ಲ. ಅದನ್ನೂ ಹೇಳಿದೆ. ನಾನು ಮುಖಸ್ತುತಿ ಮಾಡುವವಳಲ್ಲ ಎಂದು ಅವಳಿಗೆ ಗೊತ್ತು. ಅಡುಗೆಮನೆಗೆ ಹೋಗಿ ನನಗೆ ಇನ್ನೊಂದು ಲೋಟ ಕಾಫಿ ಕಾಸಿದಳು.

ಶಾಲೆ ತೆರೆಯುವ ಹಿಂದಿನ ದಿನ, ಭಾನುವಾರ, ಮೇಡಂ ಸ್ಕೂಟರಿನಲ್ಲಿ ನಮ್ಮ ಮನೆಗೇ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು. ಒಳ್ಳೆಯ ಸುದ್ದಿಯಾಗಿದ್ದರೆ ಫೋನಿನಲ್ಲೇ ಬರುತ್ತಿತ್ತು.

ಸೊಸೆ ನೀರು ಕೊಟ್ಟಳು. ಮೇಡಂ ಕುಡಿದರು.

“ಅಮ್ಮ, ಮಂಡಿ ನೋವು ಹೇಗಿದೆ ಈಗ?”

“ಮಂಡಿ ಅಲ್ಲ, ಸೊಂಟ.”

“ಹೌದೌದು, ಸೊಂಟ. ಎಣ್ಣೆ ಹಚ್ಚಿ. ತೋಟಕ್ಕೆ ನೀರು ಸಾಕಾಗ್ತಿದ್ಯಾ? ನಮ್ಮ ಕಡೆ ಕಾಯೆಲ್ಲಾ ಸಣ್ಣ.”

ಕಾಫಿ ಬಂತು. ಮೇಡಂ ಕಾಫಿ ಹೊಗಳಿದರು. ನಮ್ಮ ಬೆಕ್ಕನ್ನು ಹೊಗಳಿದರು. ನನ್ನ ಸೊಸೆಯಂಥ ನಿಯತ್ತಿನವರು ಈ ಕಾಲದಲ್ಲಿ ಸಿಗುವುದಿಲ್ಲ, ಮಕ್ಕಳು ಅವಳನ್ನು ಬಿಟ್ಟು ಇರುವುದಿಲ್ಲ ಎಂದರು. ಬೇರೆ ಯಾರಾದರೂ ಆಗಿದ್ದರೆ ವಿಷಯಕ್ಕೆ ಬನ್ನಿ ಎಂದುಬಿಡುತ್ತಿದ್ದೆ. ಅವತ್ತು ಅವರು ಇನ್ನಷ್ಟು ಹೊತ್ತು ಬೆಕ್ಕಿನ ಮಾತೇ ಆಡಲಿ ಅನ್ನಿಸಿತು.

ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು. ಮೆಲ್ಲಗೆ ಅಂದಳು, “ಮೇಡಂ, ಮೊದಲ ಸಾಲು ಹೇಳ್ಬಿಡಿ.”

ಮೇಡಂ ಲೋಟ ಕೆಳಗಿಟ್ಟರು.

“ಆ ಕ್ಲಾಸು ನಿನಗೆ ಕೊಡೋಕಾಗ್ಲಿಲ್ಲ ಕಣಮ್ಮ.”

ಆಮೇಲೆ ಮಿಕ್ಕಿದ್ದು ಬಂತು. ಅರಸೀಕೆರೆಯ ಒಬ್ಬ ಹುಡುಗಿ ಸಿಕ್ಕಿದ್ದಾಳೆ, ಮೊದಲಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವಳು. ಸೇರಿಸಲು ಬರುವ ಅಪ್ಪ ಅಮ್ಮಂದಿರು ಅದನ್ನೇ ಕೇಳುತ್ತಾರೆ. ನಿನ್ನೆಯವರೆಗೆ ಮಕ್ಕಳ ಚಡ್ಡಿ ಬದಲಿಸಿದವಳು ಇವತ್ತು ಟೀಚರ್ ಎಂದರೆ ಒಪ್ಪುವುದಿಲ್ಲ.

“ಬರೆದದ್ದರಲ್ಲಿ ತಪ್ಪಿತ್ತಾ?” ಸೊಸೆ ಕೇಳಿದಳು.

“ಇಲ್ಲ. ಚೆನ್ನಾಗಿತ್ತು.”

“ಸರಿ ಮೇಡಂ. ನಾಳೆ ಬತ್ತೀನಿ.”

ಅಷ್ಟೇ. ಮೇಡಂ ಹೋದರು. ಹಣ್ಣು ಕಿಟಕಿ ಮೇಲೆ ಇತ್ತು. ಮಗ ಬಂದು ಎರಡು ತಿಂದ, ಯಾರು ತಂದರು ಎಂದು ಆಮೇಲೆ ಕೇಳಿದ. ನಾನು ಹೇಳಿದೆ. ಅವನು ಸಿಪ್ಪೆ ಹಿಡಿದುಕೊಂಡೇ ಒಳಗೆ ಹೋದ.

ಸೋಮವಾರ ಅವಳು ಅದೇ ಬಸ್ಸಿಗೆ ಹೋದಳು, ಅದೇ ಮಕ್ಕಳ ಮೂಗು ಒರೆಸಿ ಬಂದಳು. ಇನ್ನು ಈ ಓದು ಮುಗಿಯಿತು ಎಂದುಕೊಂಡು ನಾನು ಚಾಪೆ ಹಾಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹಾಯೆನಿಸಿತ್ತು. ಕಾಫಿ ಲೋಟ ತಂದು ಪಕ್ಕದಲ್ಲಿ ಇಟ್ಟಳು.

“ಎದ್ದು ಕೂತ್ಕಳಿ ಅತ್ತೆ.”

“ಇನ್ಯಾಕೆ? ಯಾರಿಗೆ ಬರೀತೀಯ?”

“ಬಸ್ಸಿನಾಗೆ ಬರ್ದೆ. ಕೇಳಿ ಒಂದು ಸಲ.”

“ಯಾತರ ಮೇಲೆ?”

“ಬಾಳೆಹಣ್ಣಿನ ಮೇಲೆ.”

ಇಂಗ್ಲಿಷಿನಲ್ಲಿ ಓದಿದಳು. ನಾನು ಗೋಡೆ ನೋಡುತ್ತಿದ್ದೆ. ಆಮೇಲೆ ಕನ್ನಡದಲ್ಲಿ ಮೊದಲ ಸಾಲು ಹೇಳಿದಳು: ನಮ್ಮ ಮನೆಗೆ ಬಂದ ಬಾಳೆಹಣ್ಣನ್ನು ನಾನು ತಿನ್ನಲಿಲ್ಲ.

ಸೊಂಟ ಹಿಡಿದುಕೊಂಡು ಎದ್ದು ಕೂತೆ.

“ಹೂಂ,” ಅಂದೆ. “ಮುಂದಕ್ಕೆ ಹೇಳು.”