ಉಪ್ಪಿಟ್ಟಿಗೂ ಚಪ್ಪಾಳೆ

ಯಜಮಾನರೇ ಇಲ್ಲದ ಆನ್‌ಲೈನ್ ಬಳಗವೊಂದನ್ನು ಕಟ್ಟಿದ್ದೆ. ಉಪಯೋಗದ ಸುದ್ದಿ ಹಾಕಿದವರಿಗೆ ಉಳಿದವರು ಚಪ್ಪಾಳೆ ಗುಂಡಿ ಒತ್ತಬೇಕು, ಚಪ್ಪಾಳೆ ಹೆಚ್ಚಾದಷ್ಟೂ ಪಾಯಿಂಟ್, ಹೆಚ್ಚು ಪಾಯಿಂಟ್ ಗಳಿಸಿದವರಿಗೆ ವಾರ ವಾರ ಬಹುಮಾನ. ಮೊದಲು ಸೇರಿದ್ದು ಜಯನಗರದ ಪಾರ್ಕಿನ ನಗೆಕೂಟದವರು. ಅಲ್ಲಿ ಯಾರು ಏನು ಹೇಳಿದರೂ ಎಲ್ಲರೂ ಚಪ್ಪಾಳೆ ತಟ್ಟೋದು ಪದ್ಧತಿ. ಹಾಗಾಗಿ ಒಬ್ಬ ಆಂಟಿ "ನಮ್ಮನೇಲಿ ಇವತ್ತು ಉಪ್ಪಿಟ್ಟು" ಅಂತ ಹಾಕಿದ್ದಕ್ಕೂ ಪಾಯಿಂಟ್ ಸುರಿದವು.

ಕೂಟದ ಹಿರಿಯರಾದ ಶೇಷಾದ್ರಿ ಅಂಕಲ್‌ ಹತ್ತಿರ ಗೋಳಾಡಿದೆ. "ಅಂಕಲ್, ಉಪ್ಪಿಟ್ಟಿಗೆಲ್ಲ ಬಹುಮಾನ ಕೊಟ್ರೆ ಹೆಂಗೆ?"

"ತಟ್ಟದಿದ್ರೆ ಅವರು ಬೇಜಾರು ಮಾಡ್ಕೊಳ್ಳಲ್ವೇನಪ್ಪಾ? ಅಲ್ಲದೆ, ಯಜಮಾನರಿಲ್ಲ ಅಂದವನು ನೀನೇ. ಹೇಳೋದಿದ್ರೆ ಎಲ್ಲರ ಹಾಗೆ ಅಲ್ಲೇ ಬರಿ."

ಬರೆದೆ: "ದಯವಿಟ್ಟು ಕಂಡಿದ್ದಕ್ಕೆಲ್ಲ ಚಪ್ಪಾಳೆ ಒತ್ತಬೇಡಿ."

ಇಡೀ ಕೂಟ ಒತ್ತಿತು. ಉಪ್ಪಿಟ್ಟನ್ನು ಹಿಂದೆ ಹಾಕಿ ಆ ವಾರದ ಮೊದಲ ಬಹುಮಾನ ಗೆದ್ದವನು ನಾನೇ.