ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ

ದುಂಡಸಿಯ ಆ ಆಶಾ ಕಾರ್ಯಕರ್ತೆ ಯಾರ ಮನೆಗೆ ಹೋದರೂ ಸೆರಗು ಸಿಕ್ಕಿಸಿ ನೆಲದ ಮೇಲೆ ಕೂರುತ್ತಿದ್ದರು. ಮರೆವಿನ ಕಾಯಿಲೆಯ ಸಮೀಕ್ಷೆಗೆ ಬಂದ ನಾನು ನಿಂತೇ ಪ್ರಶ್ನೆಪಟ್ಟಿ ತೆರೆದರೆ, “ಮೊದ್ಲ ಕುಂದರ್ರಿ, ಆಮ್ಯಾಲ ಕೇಳ್ರಿ” ಎನ್ನುತ್ತಿದ್ದರು.

ಒಂದು ಸಂಜೆ ಸೊಸೆಯೊಬ್ಬಳು, “ಅತ್ತಿ ದಿನಾ ಈ ಹೊತ್ತಿಗೆ ಓಡಿಹೋಗ್ತಾರ್ರಿ, ಅದಕ್ಕ ಚಿಲಕ ಹಾಕ್ತೇನಿ” ಎಂದಳು. ‘ಅಲೆದಾಟ: ಹೌದು’ ಎಂದು ಬರೆದು ನಾನು ಮುಗಿಸಿದೆ. ಆಶಾ ಕಾರ್ಯಕರ್ತೆ ಮುಗಿಸಲಿಲ್ಲ.

“ಎಲ್ಲಿಗೆ ಹೊಕ್ಕಾರ, ನೋಡೀಯೇನವಾ?” ಎನ್ನುತ್ತ ಎದ್ದು ಚಿಲಕ ತೆಗೆದರು. ನಾವು ಅಜ್ಜಿಯ ಹಿಂದೆಯೇ ನಡೆದೆವು. ಅಜ್ಜಿ ನೆಟ್ಟಗೆ ಪಕ್ಕದ ಮನೆಯ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ಸವರತೊಡಗಿದರು. ಅದು ಹಾಲು ಹಿಂಡುವ ಹೊತ್ತು. ತಮ್ಮ ಎಮ್ಮೆ ಮಾರಿದ್ದು ಅವರಿಗೆ ನೆನಪಿರಲಿಲ್ಲ.

ಮರುದಿನದಿಂದ ಪಕ್ಕದ ಮನೆಯವರೇ, “ಬಾ ಆಯಿ, ಎಮ್ಮಿ ನಿನ್ನ ಹಾದಿ ಕಾಯಾಕತ್ತೈತಿ” ಎಂದು ಕರೆದರು. ಸೊಸೆ ಚಿಲಕ ಹಾಕುವುದನ್ನು ಬಿಟ್ಟಳು.

ಈಗ ನಮ್ಮ ಪಟ್ಟಿಯಲ್ಲಿ ‘ಅಲೆದಾಟ’ದ ಕೆಳಗೆ ಇನ್ನೊಂದು ಪ್ರಶ್ನೆಯಿದೆ: ಎಲ್ಲಿಗೆ ಹೋಗುತ್ತಾರೆ? ಹಾನಗಲ್ಲಿನ ತರಬೇತಿಯಲ್ಲಿ ಅದನ್ನು ಓದುವಾಗ ನನ್ನ ದನಿ ತಾನಾಗಿಯೇ ಏರುತ್ತದೆ. ಮೊನ್ನೆ ಒಬ್ಬಾಕೆ ಎದ್ದು ನಿಂತು, “ಈ ಪ್ರಶ್ನೆ ಯಾವ ದೊಡ್ಡ ಡಾಕ್ಟರ್ ಹಾಕ್ಯಾರ್ರಿ?” ಎಂದಳು.

“ಮೊದ್ಲ ಕುಂದರ್ರಿ,” ಎಂದೆ, “ಹೇಳ್ತೇನಿ.”