ಎಣ್ಣೆ ಏರಲಿ ಎಂದು ಹೇಳಿಕೊಂಡ ಹರಕೆ

ನನ್ನ ಮೈದುನನ ಎರಡು ಕೈಗಳಲ್ಲೂ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ದಪ್ಪ ಗಂಡಸಿನ ಕೈ, ಚರ್ಮ ಮಾತ್ರ ಎಳೆ ಕೂಸಿನದ್ದರ ಹಾಗೆ ನುಣ್ಣಗೆ, ಕೆಂಪಗೆ. ಹಂಡೆಯ ಹಬೆಗೆ, ಓವನ್ನಿನ ಕಾವಿಗೆ ಬಗ್ಗಿ ಬಗ್ಗಿ ಸುಟ್ಟುಹೋದದ್ದು. ಗಲ್ಫಿನ ಕಡೆ ಸಮುದ್ರದ ನಡುವೆ ಎಣ್ಣೆ ತೆಗೆಯುವ ಜಾಗ ಉಂಟಲ್ಲ, ಅಲ್ಲಿ ಅವನು ಅಡುಗೆಯವನು.

ನಮ್ಮ ಮನೆ ಶಿರಿಯದಲ್ಲಿ, ಹೊಳೆ ಸಮುದ್ರಕ್ಕೆ ಸೇರುವಲ್ಲಿಗೆ ಹತ್ತಿರ. ಗಂಡ ತೀರಿಹೋದಾಗ ನನಗೆ ಒಬ್ಬಳು ಮಗಳು. ಅವಳನ್ನು ಸಾಕಿದ್ದು ಈ ಮೈದುನ, ಮದುವೆ ಮಾಡಿಸಿದ್ದು ಅವನು, ಅವಳ ಮಗಳನ್ನು ಮಂಗಳೂರಿನಲ್ಲಿ ನರ್ಸಿಂಗಿಗೆ ಸೇರಿಸಿದ್ದೂ ಅವನೇ. ಅವನು ಮದುವೆಯಾಗಲಿಲ್ಲ. ಆಗು ಎಂದು ನಾನು ಒತ್ತಾಯ ಮಾಡಲೂ ಇಲ್ಲ. ಮಾಡಿದ್ದರೆ ಅವನ ಸಂಬಳ ಇನ್ನೊಂದು ಒಲೆಗೆ ಹೋಗುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ.

ಆ ಜಾಗ ಹೇಗುಂಟು ಎಂದು ಕೇಳಿದರೆ, ಕಬ್ಬಿಣದ ಕಾಲಿನ ಮೇಲೆ ನಿಂತ ಅಟ್ಟ, ಅಟ್ಟದ ಮೇಲೆ ಒಂದು ಊರು ಎನ್ನುತ್ತಿದ್ದ. ಕೆಳಗೆ ನೀರು, ನೀರಿನ ಕೆಳಗೆ ನೆಲ, ನೆಲದ ಕೆಳಗೆ ಎಣ್ಣೆ. ಒಂದು ಕೊಳವೆಯ ತುದಿಯಲ್ಲಿ ಹಗಲೂ ರಾತ್ರಿ ಬೆಂಕಿ ಉರಿಯುತ್ತದಂತೆ, ಆದರೆ ಅಡುಗೆಯವನು ಕಿಸೆಯಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟುಕೊಳ್ಳುವ ಹಾಗಿಲ್ಲವಂತೆ. ಎಲ್ಲ ಕರೆಂಟಿನ ಒಲೆ. ಎಣ್ಣೆಗೆ ಬೆಲೆ ಇದ್ದ ಕಾಲದಲ್ಲಿ ಅಂಗೈ ಅಗಲದ ಸಿಗಡಿ, ಐಸ್‌ಕ್ರೀಮು. ಬೆಲೆ ಇಳಿಯಿತೋ, ಕೋಳಿಯ ತುಂಡು ಸಣ್ಣದಾಗುತ್ತದೆ. "ಪೇಪರಿನವರಿಗಿಂತ ಮೊದಲು ನನ್ನ ಕತ್ತಿಗೆ ಗೊತ್ತಾಗುತ್ತದೆ ಅತ್ತಿಗೆ" ಎಂದು ನಗುತ್ತಿದ್ದ. ಆ ದೇಶದ ಶಾಲೆ, ರಸ್ತೆ, ಆಸ್ಪತ್ರೆ ಎಲ್ಲ ನಡೆಯುವುದು ಅದೇ ಎಣ್ಣೆಯಿಂದ. "ಅಲ್ಲಿ ಇಡೀ ರಾಜ್ಯಕ್ಕೆ ಒಂದೇ ಒಲೆ. ಅದು ಆರಿದರೆ ರಾಜನಿಗೂ ಗಂಜಿ."

ಅವನದ್ದು ಒಂದು ಅಭ್ಯಾಸ. ಉಣ್ಣದೆ ಬಿಟ್ಟ ತಟ್ಟೆ ಒಳಗೆ ಬಂದರೆ ಅದನ್ನು ಚೆಲ್ಲಲು ಬಿಡುತ್ತಿರಲಿಲ್ಲ. ಯಾರ ತಟ್ಟೆಯಾದರೂ ಸರಿ, ಅದರಿಂದಲೇ ಒಂದು ತುತ್ತು ತಾನು ತಿಂದು ನೋಡುತ್ತಿದ್ದ. ಎಂಜಲು ಅಲ್ಲವಾ ಎಂದು ನಾನು ಬೈದರೆ, "ಉಣ್ಣುವವ ಬಿಟ್ಟದ್ದನ್ನು ಅಡುಗೆಯವ ಉಣ್ಣಬೇಕು. ಎಲ್ಲಿ ತಪ್ಪಿತು ಎಂದು ಮತ್ತೆ ಹೇಗೆ ಗೊತ್ತಾಗುವುದು?" ಎನ್ನುತ್ತಿದ್ದ. ಮನೆಯಲ್ಲಿ ನನ್ನ ತಟ್ಟೆಯನ್ನೂ ಬಿಟ್ಟವನಲ್ಲ.

ರಜೆಯಲ್ಲಿ ಬಂದಾಗ ನಮ್ಮ ಅಡುಗೆಮನೆಗೆ ಅವನು ಕಾಲಿಡುತ್ತಿದ್ದದ್ದು ಒಬ್ಬನಿಗಾಗಿ ಮಾತ್ರ. ಪಕ್ಕದ ಮನೆಯ ದೋಣಿಯವನಿಗಾಗಿ. ಇಬ್ಬರೂ ಚಡ್ಡಿ ಹಾಕದ ಕಾಲದಿಂದ ಜೊತೆಗಾರರು. ಅವನು ಮೀನು ತರುವುದು, ಇವನು ಸಾರು ಮಾಡುವುದು, ಇಬ್ಬರೂ ಜಗಲಿಯಲ್ಲಿ ಕೂತು ಒಬ್ಬರನ್ನೊಬ್ಬರು ಬೈದುಕೊಂಡು ಉಣ್ಣುವುದು. ನೀನು ಸಮುದ್ರದಲ್ಲಿದ್ದು ಒಂದು ಮೀನು ಹಿಡಿಯಲು ಕಲಿಯಲಿಲ್ಲವಲ್ಲ ಮಾರಾಯ ಎಂದು ದೋಣಿಯವನು ಕಿಚಾಯಿಸುತ್ತಿದ್ದ. ನೀನು ಹಿಡಿದದ್ದು ತಿನ್ನುವ ಹಾಗಾಗುವುದು ನನ್ನಿಂದ ಎಂದು ಇವನು.

ಕೊರೋನ ಬಂದ ಸಮಯದಲ್ಲಿ ಎಣ್ಣೆಯ ಬೆಲೆ ನೆಲಕ್ಕೆ ಬಿತ್ತು. ಇವನನ್ನು ಮನೆಗೆ ಕಳಿಸಿದರು. ಎಣ್ಣೆಯ ಬೆಲೆ ಬಿದ್ದರೆ ಅಡುಗೆಯವನನ್ನು ಯಾಕೆ ಕಳಿಸುವುದು ಎಂದು ಕೇಳಿದೆ. ಬೆಲೆ ಇಲ್ಲದಿದ್ದರೆ ದುಡ್ಡು ಹಾಕುವವರು ಹಿಂದೆ ಸರಿಯುತ್ತಾರೆ, ಹೊಸ ಬಾವಿ ತೋಡುವುದಿಲ್ಲವಂತೆ. "ತೋಡುವವರಿಲ್ಲದಿದ್ದರೆ ಉಣ್ಣುವವರಿಲ್ಲ. ಉಣ್ಣುವವರಿಲ್ಲದಿದ್ದರೆ ನಾನೆಂತಕ್ಕೆ?" ಎಂದ. ಅಷ್ಟೇ. ನನಗೆ ಅರ್ಥವಾಯಿತು.

ಒಂದು ಮಳೆಗಾಲ ಕಳೆಯಿತು, ಇನ್ನೊಂದು ಬಂತು. ಕರೆ ಬರಲಿಲ್ಲ. ಮೊಮ್ಮಗಳು ಕಲಿಯುವುದನ್ನು ನಿಲ್ಲಿಸಬೇಕಾದೀತು ಎನ್ನುವ ಮಾತು ಮನೆಯೊಳಗೆ ಬಂತು. ಆ ಸಮಯದಲ್ಲಿ, ಒಲೆಯ ಕಾವು ಇಲ್ಲದೆ, ಅವನ ಕೈಯಲ್ಲಿ ಕೂದಲು ಹುಟ್ಟಿತು. ಮೊದಲು ಬಿಳಿ, ಮತ್ತೆ ದಟ್ಟಗೆ. ಅದನ್ನು ಯಾರೂ ನೋಡಬಾರದೆಂದು ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ. ಕಳ್ಳ ಗುರುತು ಮುಚ್ಚಿಕೊಂಡ ಹಾಗೆ. ಆ ತೋಳನ್ನು ನೋಡಿದರೆ ನನಗೂ ಮುಖ ತಿರುಗಿಸುವ ಹಾಗಾಗುತ್ತಿತ್ತು. ದುಡಿದದ್ದನ್ನು ತಿಂದವಳು ನಾನಲ್ಲವಾ.

ಆಗಲೇ ಅವನು ಮನೆಯ ದೈವಕ್ಕೆ ಹರಕೆ ಹೇಳಿಕೊಂಡದ್ದು. ಎಣ್ಣೆಯ ಬೆಲೆ ಏರಲಿ, ಏರಿದರೆ ತಂಬಿಲದ ಪೂಜೆ ಕೊಟ್ಟು ಊರವರಿಗೆ ಕೋಳಿ ಊಟ ಹಾಕುತ್ತೇನೆ ಎಂದು. ಕೆಲಸ ಸಿಗಲಿ ಎಂದು ಹೇಳಿಕೊಳ್ಳಬಾರದಿತ್ತಾ? ಅಡುಗೆಯವನ ಬುದ್ಧಿ, ಸಾರು ಕುದಿಯಬೇಕಾದರೆ ಮೊದಲು ಬೆಂಕಿ ಎಂದು ಬುಡಕ್ಕೇ ಕೈ ಹಾಕಿದ. ಪಕ್ಕದಲ್ಲಿ ದೀಪ ಹಿಡಿದುಕೊಂಡು ನಿಂತವಳು ನಾನು. ನಾನೂ ಕೈ ಮುಗಿದೆ.

ಎಲ್ಲಿಯೋ ಯುದ್ಧ ಶುರುವಾಯಿತು. ಟಿವಿಯಲ್ಲಿ ಮಕ್ಕಳು ಹೆಂಗಸರು ಗಂಟು ಹೊತ್ತುಕೊಂಡು ಓಡುವುದನ್ನು ತೋರಿಸಿದರು. ಅದರ ಕೆಳಗೇ ಎಣ್ಣೆಯ ಬೆಲೆ ಏರಿತು ಎಂದು ಬಂತು. ನಾವು ಇಬ್ಬರೂ ಕೆಳಗಿನದ್ದನ್ನೇ ನೋಡಿದೆವು. ತಡವಾಗಲಿಲ್ಲ, ಅವನಿಗೆ ಕರೆ ಬಂತು.

ಆದರೆ ಅದೇ ಬೆಲೆ ಶಿರಿಯಕ್ಕೂ ಬಂತು. ದೋಣಿಗೆ ಕಟ್ಟುವ ಇಂಜಿನಿಗೆ ಬೇಕಾದದ್ದು ಸೀಮೆಎಣ್ಣೆ. ಸರಕಾರದ ಪರ್ಮಿಟ್ಟಿನಲ್ಲಿ ಸಿಗುವುದು ಮೂಗಿಗೆ ಸವರಲು ಸಾಲದು, ಹೊರಗಿನದ್ದಕ್ಕೆ ಕೈ ಹಾಕಿದರೆ ಸುಡುತ್ತದೆ. ಹೋದ ದಿನ ಮೀನು ಸಿಗದಿದ್ದರೆ ಅಷ್ಟೂ ಎಣ್ಣೆ ನೀರಿಗೆ. ಪಕ್ಕದ ಮನೆಯವನು ದೋಣಿಯನ್ನು ಮರಳಿನ ಮೇಲೆ ಎಳೆದಿಟ್ಟ. ಇಂಜಿನ್ ಬಿಚ್ಚಿ ತೆಂಗಿನ ಬುಡದಲ್ಲಿ ಗೋಣಿ ಮುಚ್ಚಿ ಮಲಗಿಸಿದ. ತಾನು ಬೇರೆಯವರ ಬೋಟಿಗೆ ಬಲೆ ಎಳೆಯಲು ಹೋದ.

ಹರಕೆ ತೀರಿಸದೆ ವಿಮಾನ ಹತ್ತುವ ಹಾಗಿಲ್ಲ. ಸಂಜೆಗೆ ತಂಬಿಲ, ಆಮೇಲೆ ಊಟ. ಅಡುಗೆ ಇವನದ್ದೇ. ನಮ್ಮ ಮನೆಯ ಪದ್ಧತಿ ಏನೆಂದರೆ, ಹರಕೆ ತೀರಿಸುವವನು ದೈವದ ಮುಂದೆ ನಿಂತು, ಯಾವ ಕಷ್ಟಕ್ಕೆ ಹೇಳಿಕೊಂಡದ್ದು ಎಂದು ಬಂದವರ ಎದುರಿಗೆ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ಹರಕೆ ತೀರಲಿಲ್ಲ ಎಂದೇ. ಬಂದವರಲ್ಲಿ ಅರ್ಧ ದೋಣಿಯವರು. ಪಕ್ಕದ ಮನೆಯವನು ಮುಂದೆಯೇ ನಿಂತಿದ್ದ. ಮೈದುನನ ಶಾಲು ಹಿಡಿದು ಎಳೆದೆ.

"ಆರೋಗ್ಯಕ್ಕೆ ಅಂತ ಹೇಳು. ಎಂತ ಆಗುವುದಿಲ್ಲ."

"ಅತ್ತಿಗೆ, ಬಿಡಿ."

ಹಿರಿಯರು ಕೇಳಿದರು. ಅವನು ಕೈ ಮುಗಿದು ಹೇಳಿದ: "ಎಣ್ಣೆಯ ಬೆಲೆ ಏರಲಿ ಎಂದು ಹೇಳಿಕೊಂಡಿದ್ದೆ. ಏರಿದೆ. ತಪ್ಪಿದ್ದರೆ ನನ್ನ ತಲೆಗೆ."

ಹಿಂದೆ ಯಾರೋ ಇಬ್ಬರು ನಕ್ಕರು. ಮತ್ತೆ ನಗು ನಿಂತಿತು. ದೋಣಿಯವನು ನನ್ನ ಕಡೆ ತಿರುಗಿದ, ಅವನ ಕಡೆ ಅಲ್ಲ.

"ನಿಮ್ಮ ದೈವಕ್ಕೆ ಗಲ್ಫಿನವರೆಗೆ ಕೈ ಎಟಕುತ್ತದಾ ಅಕ್ಕ? ಮೊದಲೇ ಹೇಳಿದ್ದರೆ ನನ್ನ ಸೀಮೆಎಣ್ಣೆಗೂ ಒಂದು ಕೋಳಿ ಕೊಡುತ್ತಿದ್ದೆ."

ನೆಲ ಬಿರಿದು ಒಳಗೆ ಹೋಗಬೇಕು ಅನಿಸಿತು. ಮೈದುನನ ಮೇಲೆ ಸಿಟ್ಟೂ ಬಂತು. ಸತ್ಯ ಹೇಳಿದವನು ವಿಮಾನ ಹತ್ತಿ ಹೋಗುತ್ತಾನೆ, ಬಾವಿಕಟ್ಟೆಯಲ್ಲಿ ಅವರ ಮುಖ ನೋಡಬೇಕಾದವಳು ನಾನು.

ಊಟಕ್ಕೆ ಎಲ್ಲರೂ ಕೂತರು. ದೋಣಿಯವನೂ ಕೂತ. ಮೈದುನ ತಾನೇ ಬಗ್ಗಿ ಅವನ ಎಲೆಗೆ ಬಡಿಸಿದ, ಆರಿಸಿ ಒಳ್ಳೆಯ ತುಂಡು ಹಾಕಿದ. ದೋಣಿಯವನು ಒಂದು ಅಗುಳು ಮುಟ್ಟಲಿಲ್ಲ. ತುಂಬಿದ ಎಲೆಯನ್ನು ಹಾಗೆಯೇ ಮಡಚಿದ. ಎದ್ದು ಹೋದ.

ಎಲ್ಲರೂ ಹೋದ ಮೇಲೆ ಹಿತ್ತಲಿಗೆ ಹೋದೆ. ಮೈದುನ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಆ ಎಲೆಯನ್ನು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಉಣ್ಣುತ್ತಿದ್ದ. ಒಂದು ತುತ್ತಲ್ಲ, ಪೂರ್ತಿ. ಉಂಡು ಮುಗಿಸಿ ಬೆರಳು ನೆಕ್ಕಿ ನನ್ನನ್ನು ನೋಡಿದ.

"ಉಪ್ಪು ಸರಿ ಉಂಟು ಅತ್ತಿಗೆ. ಖಾರವೂ ಸರಿ ಉಂಟು."

ಆಮೇಲೆ ಹೋದ. ಹೋಗದೆ ಎಂತ ಮಾಡುವುದು? ಮೊಮ್ಮಗಳು ಕಲಿತಳು, ಈಗ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮುಂದೆ ಪ್ರತಿ ರಜೆಗೂ ಅವನು ಪೆಟ್ಟಿಗೆ ಇಳಿಸಿದ ಕೂಡಲೇ ಪಕ್ಕದ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ದೋಣಿಯವನು ಮಾತಾಡುತ್ತಿದ್ದ, ಜಗಳ ಇರಲಿಲ್ಲ. ಕೂತುಕೋ ಎನ್ನುತ್ತಿದ್ದ, ಬೀಡಿ ಕೊಡುತ್ತಿದ್ದ. ಊಟಕ್ಕೆ ಬಾ ಎಂದರೆ ಮಾತ್ರ ಇವತ್ತು ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದ. ಮೈದುನ ಅಡುಗೆಮನೆಗೆ ಕಾಲಿಡುವುದು ನಿಂತಿತು.

ಹೋದ ವರ್ಷ ರಜೆಯಲ್ಲಿದ್ದಾಗ ಬೆಳಗ್ಗೆ ಹಲ್ಲುಜ್ಜುತ್ತಾ ಬಿದ್ದ. ಎದೆ ನಿಂತಿತು ಎಂದರು. ಮೀಯಿಸಲು ಬಂದವರಲ್ಲಿ ಮೊದಲು ಬಂದವನು ದೋಣಿಯವನು. ಅಂಗಿ ಬಿಚ್ಚಿದಾಗ ನೋಡಿದೆ, ಕೈಗಳು ಮತ್ತೆ ನುಣ್ಣಗೆ, ಕೆಂಪಗೆ. ದೋಣಿಯವನು ಆ ಕೈಗೆ ಎರಡು ಸಲ ನೀರು ಹಾಕಿದ.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟದ ಅಡುಗೆಗೆ ಉಪ್ಪಳದಿಂದ ಜನ ಕರೆಸಿದ್ದೆವು. ದೋಣಿಯವನು ಕೂತು ಉಂಡ. ಎರಡನೆಯ ಸಲ ಅನ್ನ ಕೇಳಿ ಹಾಕಿಸಿಕೊಂಡ. ಕೈ ತೊಳೆಯಲು ನಾನು ನೀರು ಕೊಟ್ಟಾಗ ಹೇಳಿದ: "ಅವತ್ತಿನದ್ದು ಉಣ್ಣಬೇಕಿತ್ತು ಅಕ್ಕ."

ಹೌದು ಎಂದೆ.

ಈಗ ಅವನು ಸಂಜೆ ನಮ್ಮ ಜಗಲಿಗೆ ಬರುತ್ತಾನೆ, ವಾರ್ತೆ ನೋಡುತ್ತಾನೆ, ಗಂಜಿ ಕೊಟ್ಟರೆ ಕುಡಿಯುತ್ತಾನೆ. ಅವನ ಇಂಜಿನ್ ತೆಂಗಿನ ಬುಡದಲ್ಲೇ ಉಂಟು, ಗೋಣಿ ಕುಂಬಾಗಿ ಹರಿದಿದೆ. ಆ ಕಬ್ಬಿಣದ ಅಟ್ಟದ ಮೇಲೆ ನಮ್ಮವರು ಈಗ ಯಾರೂ ಇಲ್ಲ. ಆದರೂ ಎಣ್ಣೆಯ ಬೆಲೆ ಏರಿತು ಎಂದು ಟಿವಿಯವರು ಹೇಳಿದ ಕೂಡಲೇ ನನಗೆ ಮೊದಲು ಸಮಾಧಾನವೇ ಆಗುವುದು, ಅಬ್ಬ, ಈ ತಿಂಗಳು ಚಿಂತೆ ಇಲ್ಲ ಎಂದು. ಮೈದುನ ಇಲ್ಲ ಎನ್ನುವುದು ನೆನಪಾಗುವುದು ಆಮೇಲೆ. ಅಷ್ಟರೊಳಗೆ ನನ್ನ ಮುಖ ದೋಣಿಯವನಿಗೆ ಕಾಣಬಾರದೆಂದು ನಾನು ಎದ್ದು ಒಲೆಯ ಕಡೆ ಹೋಗುತ್ತೇನೆ.